ನಾಲ್ಕು ಮ್ಯಾಚ್, ಒಂದು ಬ್ಲೂಸ್ ರಾತ್ರಿ: ಜನವರಿಯಲ್ಲಿ ಶಿಕಾಗೋ ಸುತ್ತ ಗೆಳೆಯರ ಜೊತೆ ರೋಡ್ ಟ್ರಿಪ್ ಮಾಡುವುದು ಹೇಗೆ

ಮೊದಲ ಸಲ ಈ ಟ್ರಿಪ್ ಮಾಡಿದಾಗ ಶಿಕಾಗೋದಿಂದ ಮಧ್ಯಾಹ್ನ 2:45ಕ್ಕೆ ಹೊರಟೆವು. ಇಂಡಿಯಾನಾಪೊಲಿಸ್ ಮೂರು ಗಂಟೆ ದಾರಿ, ಬಾಸ್ಕೆಟ್‌ಬಾಲ್ ಮ್ಯಾಚ್ ಏಳಕ್ಕೆ. ಆರಾಮ ಅಂದುಕೊಂಡು ನಡುವೆ ಕಾಫಿಗೆ ಅರ್ಧ ಗಂಟೆ ನಿಂತೆವು. ಊರು ಸೇರಿದಾಗ ಕಾರಿನ ಗಡಿಯಾರದಲ್ಲಿ 6:15. ಊರಿನ ಗಡಿಯಾರದಲ್ಲಿ 7:15. ಶಿಕಾಗೋದಲ್ಲಿ ಸೆಂಟ್ರಲ್ ಟೈಮ್, ಇಂಡಿಯಾನಾಪೊಲಿಸ್‌ನಲ್ಲಿ ಈಸ್ಟರ್ನ್ ಟೈಮ್. ಆ ಕಡೆ ಹೋಗುವಾಗ ಒಂದು ಗಂಟೆ ಕೈಬಿಟ್ಟು ಹೋಗುತ್ತದೆ. ಫೋನಿನ ಮ್ಯಾಪ್ ಹೊರಟಾಗಿನಿಂದ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು. ಮುಂದಿನ ಸೀಟಿನವನು "ಲೋ, ಈ ಮ್ಯಾಪ್‌ಗೆ ತಲೆ ಕೆಟ್ಟಿದೆ, ಸುಮ್ನೆ ಒಂದು ಗಂಟೆ ಜಾಸ್ತಿ ತೋರಿಸ್ತಿದೆ" ಅಂದ. ನಾವೆಲ್ಲ ನಂಬಿದೆವು. ಕಾರಿನಲ್ಲಿದ್ದ ಐದೂ ಜನ ಇಂಜಿನಿಯರ್‌ಗಳು.

ಒಳಗೆ ಹೋಗಿ ಕೂತಾಗ ಎರಡನೇ ಕ್ವಾರ್ಟರ್ ನಡೆಯುತ್ತಿತ್ತು. ಆಮೇಲೆ ಇದೇ ದಾರಿಯಲ್ಲಿ ಇನ್ನೂ ಎರಡು ಸಲ ಹೋಗಿ ಬಂದೆವು. ಕೆಳಗಿರುವುದು ಅಂಥ ಎಡವಟ್ಟುಗಳನ್ನೆಲ್ಲ ಕಳೆದ ಮೇಲೆ ಉಳಿದ ಪ್ಲಾನ್. ಬೇರೆ ಬೇರೆ ಊರಿನಲ್ಲಿ ಕೆಲಸ ಮಾಡುವ, ಓದುವ ಗೆಳೆಯರು ಶಿಕಾಗೋಗೆ ಬಂದು ಸೇರಿ, ಬಾಡಿಗೆ ವ್ಯಾನ್‌ನಲ್ಲಿ ಸುತ್ತಿ, ಐದನೇ ದಿನ ವಾಪಸ್ ಹೋಗುವ ಲೆಕ್ಕ.

ಹಂತ 1: ವಾರಾಂತ್ಯ ಗೊತ್ತು ಮಾಡಿ

ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. ಅಮೆರಿಕದಲ್ಲಿ ರಜೆ. ಆ ಸೋಮವಾರ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಹಬ್ಬದ ಹಾಗೆ ಮ್ಯಾಚ್‌ಗಳನ್ನು ಇಡುತ್ತದೆ, ಕೆಲವು ಮಧ್ಯಾಹ್ನವೇ ಶುರುವಾಗುತ್ತವೆ. ಗುರುವಾರ ಅರ್ಧ ದಿನ, ಶುಕ್ರವಾರ ಒಂದು ದಿನ ರಜೆ ಹಾಕಿದರೆ ಐದು ದಿನ ಸಿಗುತ್ತದೆ. ಸಂಕ್ರಾಂತಿಯೂ ಅದೇ ಹೊತ್ತಿಗೆ ಬರುತ್ತದೆ. ಅದರ ಉಪಯೋಗ ಆಮೇಲೆ ಹೇಳುತ್ತೇನೆ.

ಚಳಿಗಾಲದಲ್ಲಿ ಯಾಕೆ ಅಂತ ಕೇಳಬಹುದು. ಎನ್‌ಬಿಎ ಲೀಗ್ ಹಂತದ ಮ್ಯಾಚ್‌ಗಳು ನಡೆಯುವುದೇ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಕಾಲೇಜು ಬಾಸ್ಕೆಟ್‌ಬಾಲ್ ಕಾವೇರುವುದು ಜನವರಿಯಲ್ಲಿ. ಜೊತೆಗೆ ಬ್ಲೂಸ್ ಸಂಗೀತದ ಹಿರಿಯ ಬಡ್ಡಿ ಗೈ ಶಿಕಾಗೋದ ತಮ್ಮದೇ ಕ್ಲಬ್ಬಿನಲ್ಲಿ ಸಾಲಾಗಿ ನುಡಿಸುತ್ತಾ ಬಂದಿರುವುದೂ ಜನವರಿಯಲ್ಲೇ. ಮೂರೂ ಕೂಡುವುದು ಈ ತಿಂಗಳಲ್ಲಿ ಮಾತ್ರ.

ಹಂತ 2: ಮೊದಲು ಸಂಗೀತ ಕಚೇರಿ, ಆಮೇಲೆ ಮ್ಯಾಚ್

ಎಲ್ಲರೂ ಉಲ್ಟಾ ಮಾಡುವುದು ಇಲ್ಲೇ. ಮ್ಯಾಚ್ ಟಿಕೆಟ್ ಮೊದಲು ತೆಗೆದುಕೊಂಡು, ಕಚೇರಿಯನ್ನು ಎಲ್ಲಾದರೂ ತುರುಕಿದರಾಯಿತು ಅಂತ ಬಿಡುತ್ತಾರೆ. ಆದರೆ ಎನ್‌ಬಿಎ ತಂಡವೊಂದು ಒಂದು ಸೀಸನ್‌ನಲ್ಲಿ ಆಡುವುದು 82 ಮ್ಯಾಚ್, ಅದರಲ್ಲಿ ಅರ್ಧ ತವರಿನಲ್ಲಿ. ಒಂದು ತಪ್ಪಿದರೆ ಇನ್ನೊಂದು. ಕಲಾವಿದರು ಊರಿಗೆ ಬರುವುದು ವರ್ಷಕ್ಕೊಮ್ಮೆ, ಒಂದೋ ಎರಡೋ ರಾತ್ರಿ. ಅಲ್ಲಾಡಿಸಲಾಗದ ತಾರೀಖನ್ನು ನಡುವೆ ನೆಟ್ಟು, ಉಳಿದದ್ದನ್ನು ಅದರ ಸುತ್ತ ಕಟ್ಟಿ.

ನಮ್ಮ ಪ್ಲಾನ್‌ನಲ್ಲಿ ಶನಿವಾರ ರಾತ್ರಿ ಕಚೇರಿಗೆ ಮೀಸಲು. ಕ್ಲಬ್ಬಿನ ಹೆಸರು ಬಡ್ಡಿ ಗೈಸ್ ಲೆಜೆಂಡ್ಸ್, 1989ರಲ್ಲಿ ಶುರುವಾದದ್ದು, ಡೌನ್‌ಟೌನ್‌ನ ದಕ್ಷಿಣಕ್ಕೆ ವಾಬಾಶ್ ಅವೆನ್ಯೂದಲ್ಲಿದೆ. ಬಡ್ಡಿ ಗೈ ಹುಟ್ಟಿದ್ದು 1936ರಲ್ಲಿ, ಲೂಸಿಯಾನಾದಲ್ಲಿ. 1957ರಲ್ಲಿ ಶಿಕಾಗೋಗೆ ಬಂದರು. ದಕ್ಷಿಣದ ಹೊಲಗದ್ದೆ ಬಿಟ್ಟು ಕಾರ್ಖಾನೆ ಕೆಲಸ ಹುಡುಕಿಕೊಂಡು ಲಕ್ಷಾಂತರ ಕಪ್ಪು ಜನ ಉತ್ತರಕ್ಕೆ ಬಂದ ಕಾಲ ಅದು. ಜೊತೆಗೆ ಅವರ ಹಾಡೂ ಬಂತು, ಶಿಕಾಗೋದ ಗದ್ದಲದಲ್ಲಿ ಕೇಳಿಸಬೇಕಲ್ಲ ಅಂತ ಗಿಟಾರಿಗೆ ಕರೆಂಟೂ ಬಂತು. ಅವರ ಜನವರಿ ಶೋಗಳ ಟಿಕೆಟ್ ಬೇಗ ಖರ್ಚಾಗುತ್ತದೆ. ಸಿಗದಿದ್ದರೆ ಅಪ್‌ಟೌನ್‌ನ ಗ್ರೀನ್ ಮಿಲ್ ಇದೆ, ನೂರು ವರ್ಷ ದಾಟಿದ ಜಾಝ್ ಅಡ್ಡೆ. ಅಲ್ಲಿ ಸಂಗೀತ ನಡೆಯುವಾಗ ಮಾತಾಡಿದರೆ ಸುಮ್ಮನಿರಿ ಅಂತ ಹೇಳಿಸಿಕೊಳ್ಳಬೇಕಾಗುತ್ತದೆ. ನಮ್ಮ ಗುಂಪಿಗೆ ಅದು ಕಷ್ಟ.

ಹಂತ 3: ದಿನಗಳ ಚೌಕಟ್ಟು

ಎನ್‌ಬಿಎ ವೇಳಾಪಟ್ಟಿ ಆಗಸ್ಟ್‌ನಲ್ಲಿ ಬರುತ್ತದೆ. ಬಂದ ದಿನವೇ ಮೂರು ತಂಡಗಳ ಪಟ್ಟಿ ಪಕ್ಕಪಕ್ಕ ಇಟ್ಟುಕೊಳ್ಳಿ: ಶಿಕಾಗೋ ಬುಲ್ಸ್, ಮಿಲ್ವಾಕಿ ಬಕ್ಸ್, ಇಂಡಿಯಾನಾ ಪೇಸರ್ಸ್. ಎಲ್ಲ ಸರಿ ಕೂತರೆ ಹೀಗಿರುತ್ತದೆ:

ಗುರುವಾರ: ಎಲ್ಲರೂ ಓ'ಹೇರ್ ವಿಮಾನ ನಿಲ್ದಾಣಕ್ಕೆ, ರಾತ್ರಿ ಬುಲ್ಸ್ ಮ್ಯಾಚ್.
ಶುಕ್ರವಾರ: ಮಿಲ್ವಾಕಿ, ಬಕ್ಸ್ ಮ್ಯಾಚ್, ರಾತ್ರಿ ಅಲ್ಲೇ.
ಶನಿವಾರ: ತಡವಾಗಿ ಎದ್ದು ಶಿಕಾಗೋಗೆ ವಾಪಸ್, ರಾತ್ರಿ ಬ್ಲೂಸ್.
ಭಾನುವಾರ: ಬೆಳಗ್ಗೆ ಬೇಗ ಇಂಡಿಯಾನಾಪೊಲಿಸ್, ಬಟ್ಲರ್ ಕಾಲೇಜು ಮ್ಯಾಚ್.
ಸೋಮವಾರ: ಪೇಸರ್ಸ್ ಮ್ಯಾಚ್. ಮಧ್ಯಾಹ್ನದ್ದಾದರೆ ಅದೇ ದಿನ ವಾಪಸ್, ರಾತ್ರಿಯದ್ದಾದರೆ ಮಂಗಳವಾರ ಬೆಳಗ್ಗೆ.

ಎಲ್ಲ ಸರಿ ಕೂರುವುದಿಲ್ಲ, ಅದು ಬೇರೆ ಮಾತು. ಮೂರೂ ತಂಡ ಒಂದೇ ವಾರಾಂತ್ಯ ಊರಲ್ಲಿರುವುದು ಅಪರೂಪ. ಆಗ ಕಾಲೇಜು ಮ್ಯಾಚ್ ಹಾಕಿಕೊಳ್ಳಿ. ಮಿಲ್ವಾಕಿಯಲ್ಲಿ ಬಕ್ಸ್ ಆಡುವ ಅಂಕಣದಲ್ಲೇ ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ತಂಡವೂ ಆಡುತ್ತದೆ. ಶಿಕಾಗೋದಲ್ಲಿ ಡಿಪಾಲ್ ಇದೆ, ವಿಂಟ್ರಸ್ಟ್ ಅರೀನಾದಲ್ಲಿ. ಬಟ್ಲರ್ ಜೊತೆ ಈ ಎರಡೂ ಬಿಗ್ ಈಸ್ಟ್ ಎಂಬ ಒಂದೇ ಕೂಟದವು. ನಾಲ್ಕು ಮ್ಯಾಚ್ ಸಿಗದಿದ್ದರೆ ಮೂರೇ ಸಾಕು, ದಿನಕ್ಕೆ ಎರಡು ಮಾತ್ರ ಬೇಡ. ನಾವು ಒಮ್ಮೆ ಮಾಡಿದ್ದೆವು. ಎರಡನೆಯದರಲ್ಲಿ ಒಬ್ಬ ಸ್ಕೋರ್‌ಬೋರ್ಡ್ ನೋಡುತ್ತಲೇ ನಿದ್ದೆ ಹೋದ.

ಹಂತ 4: ಟಿಕೆಟ್

ಮೊದಲನೆಯದು, ದುಡ್ಡು ಕೊಟ್ಟವನ ಹೆಸರಿಗೆ ಮಾತ್ರ ಟಿಕೆಟ್. "ನಾನೂ ಬರ್ತೀನಿ ಮಗಾ, ಆಮೇಲೆ ಕೊಡ್ತೀನಿ" ಅನ್ನುವವನು ಅರ್ಧಕ್ಕರ್ಧ ಸಲ ಬರುವುದಿಲ್ಲ. ಖರ್ಚಿನ ಆ್ಯಪ್‌ನಲ್ಲಿ ಗುಂಪು ಮಾಡಿ, ಟಿಕೆಟ್ ಮತ್ತು ಹೋಟೆಲ್ ಹಣವನ್ನು ಬುಕಿಂಗ್‌ಗೆ ಮೊದಲೇ ವಸೂಲಿ ಮಾಡಿ. ಪೆಟ್ರೋಲ್, ಊಟ ದಾರಿಯಲ್ಲಿ ಬರೆದುಕೊಂಡರೆ ಆಯಿತು.

ಬೆಲೆ ಎದುರಾಳಿ ತಂಡದ ಮೇಲೆ ನಿಂತಿರುತ್ತದೆ. ದೊಡ್ಡ ತಾರೆ ಇರುವ ತಂಡ ಶನಿವಾರ ಬಂದರೆ ಜೇಬಿಗೆ ಕತ್ತರಿ. ಅದೇ ಸೀಟು ವಾರದ ನಡುವೆ ಸಾಧಾರಣ ತಂಡದ ವಿರುದ್ಧ ಅಗ್ಗವಾಗಿ ಸಿಗುತ್ತದೆ. ಮರುಮಾರಾಟದ ತಾಣಗಳಲ್ಲಿ ಮ್ಯಾಚ್ ದಿನ ಬೆಲೆ ಇಳಿಯುವುದುಂಟು. ಇಬ್ಬರಿದ್ದರೆ ಕಾಯಬಹುದು. ಐದು ಜನಕ್ಕೆ ಒಟ್ಟಿಗೆ ಸೀಟು ಬೇಕಾದರೆ ಕಾಯಬೇಡಿ. ಮೇ 2025ರಿಂದ ಅಮೆರಿಕದಲ್ಲಿ ಟಿಕೆಟ್ ಮತ್ತು ಹೋಟೆಲ್ ಮಾರುವವರು ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸಬೇಕು ಎಂಬ ನಿಯಮ ಬಂದಿದೆ. ಹಾಗಾಗಿ ಈಗ ಹೋಲಿಸಿ ನೋಡುವುದು ಸುಲಭ.

ಎಲ್ಲಿ ಕೂರಬೇಕು? ಬುಟ್ಟಿಯ ಹಿಂದಿನ ಕೆಳಗಿನ ಸೀಟಿಗಿಂತ, ಅಂಕಣದ ಉದ್ದದ ಬದಿಗೆ ಮೇಲಿನ ಮಹಡಿಯ ಮೊದಲ ಸಾಲುಗಳು ನನಗೆ ಇಷ್ಟ. ಅಲ್ಲಿಂದ ಹತ್ತೂ ಆಟಗಾರರು ಕಾಣುತ್ತಾರೆ. ಚೆಂಡು ಎಲ್ಲಿಗೆ ಹೋಗಲಿದೆ ಅನ್ನುವುದು ಅರ್ಧ ಸೆಕೆಂಡ್ ಮೊದಲೇ ಗೊತ್ತಾಗುತ್ತದೆ, ಗುಡ್ಡದ ಮೇಲೆ ನಿಂತು ಊರ ಜಾತ್ರೆ ನೋಡಿದ ಹಾಗೆ.

ಇನ್ನೊಂದು ಮಾತು. ಯಾವುದೋ ಒಬ್ಬ ಆಟಗಾರನನ್ನು ನೋಡಲಿಕ್ಕೇ ಹೋಗುತ್ತಿದ್ದರೆ, ಅವನ ತಂಡ ಹಿಂದಿನ ರಾತ್ರಿಯೂ ಆಡಿದೆಯಾ ನೋಡಿ. ಹೀಗೆ ಎರಡು ದಿನ ಸಾಲಾಗಿ ಮ್ಯಾಚ್ ಇದ್ದಾಗ ಎರಡನೆಯದರಲ್ಲಿ ತಾರೆಗಳಿಗೆ ವಿಶ್ರಾಂತಿ ಕೊಡುವುದು ಜಾಸ್ತಿ. ಯಾರು ಆಡುತ್ತಾರೆ, ಯಾರಿಲ್ಲ ಅನ್ನುವ ಗಾಯದ ಪಟ್ಟಿಯನ್ನು ಎನ್‌ಬಿಎ ಮ್ಯಾಚಿಗೆ ಮುಂಚೆ ಪ್ರಕಟಿಸುತ್ತದೆ. ಮರುಮಾರಾಟದಲ್ಲಿ ಕೊಳ್ಳುವವರು ಅದನ್ನು ನೋಡಿಯೇ ದುಡ್ಡು ಹಾಕಿ.

ಹಂತ 5: ವ್ಯಾನ್, ಟೋಲ್, ಹಿಮ

ಐದು ಜನ, ಐದು ದಪ್ಪ ಜಾಕೆಟ್, ಐದು ಪೆಟ್ಟಿಗೆ. ಸೆಡಾನ್ ಸಾಲದು, ಮಿನಿವ್ಯಾನ್ ತೆಗೆದುಕೊಳ್ಳಿ. 25 ವರ್ಷ ಆಗದವರ ಹೆಸರಲ್ಲಿ ಬುಕ್ ಮಾಡಿದರೆ ದಿನಕ್ಕಿಷ್ಟು ಅಂತ ಹೆಚ್ಚುವರಿ ಹಾಕುತ್ತಾರೆ. ಗುಂಪಿನಲ್ಲಿ ದೊಡ್ಡವನ ಹೆಸರಿಗೆ ಮಾಡಿ. ಇಬ್ಬರು ಡ್ರೈವರ್ ಬೇಕೇ ಬೇಕು, ಎರಡನೆಯವನ ಹೆಸರೂ ಕಾಗದದಲ್ಲಿರಬೇಕು. ಹೆಸರಿಲ್ಲದವನು ಓಡಿಸುವಾಗ ಏನಾದರೂ ಆದರೆ ವಿಮೆ ಕೈಕೊಡುತ್ತದೆ.

ಒಟ್ಟು ದಾರಿ ಸುಮಾರು 550 ಮೈಲಿ. ಗ್ಯಾಲನ್‌ಗೆ 25 ಮೈಲಿ ಓಡುವ ವ್ಯಾನ್‌ಗೆ 22 ಗ್ಯಾಲನ್ ಸಾಕು. ಶಿಕಾಗೋದಲ್ಲಿ ಟ್ಯಾಂಕ್ ತುಂಬಿಸಬೇಡಿ, ಇಂಡಿಯಾನಾದಲ್ಲಿ ಸಾಮಾನ್ಯವಾಗಿ ಅಗ್ಗ.

ಶಿಕಾಗೋದಿಂದ ಮಿಲ್ವಾಕಿಗೆ ಐ-94 ಹಿಡಿದು ಸುಮಾರು 90 ಮೈಲಿ. ಇಲಿನಾಯ್ ಭಾಗದಲ್ಲಿ ಟೋಲ್ ಇದೆ, ವಿಸ್ಕಾನ್ಸಿನ್ ಸೇರಿದ ಮೇಲೆ ಇಲ್ಲ. ಇಲಿನಾಯ್ ಟೋಲ್‌ನಲ್ಲಿ ಈಗ ನಗದು ತೆಗೆದುಕೊಳ್ಳುವುದಿಲ್ಲ. ಯಾರ ಹತ್ತಿರವಾದರೂ ಐ-ಪಾಸ್ ಅಥವಾ ಈ-ಝೀ ಪಾಸ್ (ನಮ್ಮ ಫಾಸ್ಟ್ಯಾಗ್ ಥರದ್ದು) ಇದ್ದರೆ ತನ್ನಿ, ಬಾಡಿಗೆ ವ್ಯಾನ್‌ನ ನಂಬರನ್ನು ಆ ಖಾತೆಗೆ ಸೇರಿಸಿ, ವಾಪಸ್ ಕೊಟ್ಟ ಮೇಲೆ ಮರೆಯದೆ ತೆಗೆಯಿರಿ. ಇಲ್ಲದಿದ್ದರೆ ಮುಂದಿನ ಬಾಡಿಗೆಯವನ ಟೋಲನ್ನು ನೀವು ಕಟ್ಟುತ್ತೀರಿ. ನನ್ನ ಸ್ನೇಹಿತ ಎರಡು ವಾರ ಕಟ್ಟಿದ.

ಇಂಡಿಯಾನಾಪೊಲಿಸ್‌ಗೆ ಹೋಗುವ ಐ-65ರಲ್ಲಿ ಟೋಲ್ ಇಲ್ಲ, ಆದರೆ ಗ್ಯಾರಿ ಊರಿನ ಸುತ್ತ ಲಾರಿಗಳ ಮೆರವಣಿಗೆ. ಮಿಶಿಗನ್ ಸರೋವರದ ಮೇಲಿಂದ ಬರುವ ಗಾಳಿ ಅಲ್ಲೇ ಹಿಮ ಸುರಿಸುವುದು. ಶಿಕಾಗೋದಲ್ಲಿ ಬಿಸಿಲಿರುತ್ತದೆ, ನಲವತ್ತು ನಿಮಿಷ ಆಚೆ ಎದುರಿನ ಗಾಡಿಯ ಲೈಟೂ ಕಾಣುವುದಿಲ್ಲ. ಇಂಡಿಯಾನಾದ ಕೌಂಟಿಗಳು (ನಮ್ಮ ಜಿಲ್ಲೆಗಳ ಥರ) ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಹಂತದ ಪ್ರಯಾಣ ಎಚ್ಚರಿಕೆ ಕೊಡುತ್ತವೆ. ಹಳದಿಯಾದರೆ ನಿಧಾನ ಹೋಗಿ. ಕಿತ್ತಳೆಯಾದರೆ ಹೊರಡಬೇಡಿ. ಕೆಂಪಾದರೆ ತುರ್ತು ಕೆಲಸದವರನ್ನು ಬಿಟ್ಟು ಯಾರೂ ರಸ್ತೆಗಿಳಿಯುವ ಹಾಗಿಲ್ಲ. ಟಿಕೆಟ್ ದುಡ್ಡು ಹೋದರೆ ಹೋಗಲಿ.

ವ್ಯಾನ್‌ನಲ್ಲಿ ಇರಬೇಕಾದ್ದು: ಗಾಜಿನ ಹಿಮ ಕೆರೆಯುವ ಕಡ್ಡಿ, ಒಂದು ಕಂಬಳಿ, ಚಳಿಯಲ್ಲಿ ಹೆಪ್ಪುಗಟ್ಟದ ವೈಪರ್ ನೀರು, ಫೋನ್ ಚಾರ್ಜರ್. ಬೆಳಗ್ಗೆ ಟಯರಿನ ಗಾಳಿ ಕಡಿಮೆ ಅಂತ ಲೈಟ್ ಹತ್ತಿದರೆ ಗಾಬರಿ ಬೇಡ, ಚಳಿಗೆ ಗಾಳಿ ಕುಗ್ಗುತ್ತದೆ. ಒಮ್ಮೆ ತುಂಬಿಸಿ.

ಹಂತ 6: ಉಳಿಯುವ ಜಾಗ, ನಿಲ್ಲಿಸುವ ಜಾಗ

ಹೋಟೆಲ್ ಬೆಲೆ ನೋಡಿ ಖುಷಿಪಡುವ ಮುಂಚೆ ಪಾರ್ಕಿಂಗ್ ಬೆಲೆ ಕೇಳಿ. ಅದು ಕಡ್ಡಾಯ ಶುಲ್ಕವಲ್ಲವಾದ್ದರಿಂದ ಮೇಲೆ ಹೇಳಿದ ಒಟ್ಟು ಬೆಲೆಯೊಳಗೆ ಬರುವುದಿಲ್ಲ. ಶಿಕಾಗೋ ಡೌನ್‌ಟೌನ್‌ನಲ್ಲಿ ಎರಡು ರಾತ್ರಿ ವ್ಯಾನ್ ಮಲಗಿದ ಖರ್ಚು ನೋಡಿ ನಮ್ಮ ಲೆಕ್ಕದವನಿಗೆ ನಿದ್ದೆ ಬರಲಿಲ್ಲ. ಈಗ ನಾವು ಓ'ಹೇರ್ ಹತ್ತಿರ, ಬ್ಲೂ ಲೈನ್ ರೈಲಿಗೆ ನಡೆಯುವ ದೂರದಲ್ಲಿ ಉಳಿಯುತ್ತೇವೆ. ವ್ಯಾನ್ ಅಲ್ಲೇ ಬಿಟ್ಟು ರೈಲು ಹಿಡಿಯುತ್ತೇವೆ. ಬುಲ್ಸ್ ಆಡುವ ಯುನೈಟೆಡ್ ಸೆಂಟರ್‌ಗೆ ಡೌನ್‌ಟೌನ್‌ನಲ್ಲಿ ಗ್ರೀನ್ ಲೈನ್‌ಗೆ ಬದಲಾಯಿಸಿ ಡೇಮನ್ ನಿಲ್ದಾಣದಲ್ಲಿ ಇಳಿಯಿರಿ. 2024ರ ಆಗಸ್ಟ್‌ನಲ್ಲಿ ತೆರೆದ ನಿಲ್ದಾಣ, ಅಲ್ಲಿಂದ ಸ್ವಲ್ಪ ನಡಿಗೆ.

ಶಿಕಾಗೋದಲ್ಲಿ ರಸ್ತೆ ಬದಿ ನಿಲ್ಲಿಸುವುದಾದರೆ ಒಂದು ನಿಯಮ ತಿಳಿದಿರಲಿ. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ, ಗೊತ್ತುಮಾಡಿದ ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರ ತನಕ ಗಾಡಿ ನಿಲ್ಲಿಸುವ ಹಾಗಿಲ್ಲ. ಹಿಮ ಬಿದ್ದಿರಲಿ ಬಿಡಲಿ, ಎಳೆದುಕೊಂಡು ಹೋಗುತ್ತಾರೆ. ಬೋರ್ಡ್ ಓದದೆ ಇಳಿಯಬೇಡಿ.

ಮಿಲ್ವಾಕಿ, ಇಂಡಿಯಾನಾಪೊಲಿಸ್ ಎರಡೂ ಕಡೆ ಅಂಕಣ ಊರ ನಡುವೆಯೇ ಇದೆ. ಅಲ್ಲಿ ಡೌನ್‌ಟೌನ್‌ನಲ್ಲೇ ಉಳಿದು ನಡೆದು ಹೋಗುವುದು ಜಾಣತನ. ಮ್ಯಾಚ್ ಮುಗಿದ ರಾತ್ರಿ ಹೆದ್ದಾರಿ ಹಿಡಿಯಬೇಡಿ. ಸದ್ದು, ಕೂಗು, ಉಪ್ಪಿನ ತಿಂಡಿ ಆದ ಮೇಲೆ ವ್ಯಾನ್‌ನ ಹೀಟರ್ ಬೆಚ್ಚಗೆ ಊದುತ್ತಿದ್ದರೆ ಡ್ರೈವರ್ ಕಣ್ಣೂ ಮುಚ್ಚುತ್ತದೆ.

ಹಂತ 7: ತಿಂಡಿ

ಸಂಕ್ರಾಂತಿಯ ಉಪಯೋಗ ಇದೇ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿದ ಡಬ್ಬಿ ದಾರಿಯ ತಿಂಡಿಗೆ ಹೇಳಿ ಮಾಡಿಸಿದ್ದು. ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ಶಕ್ತಿ ಕೊಡುತ್ತದೆ. ಜಗಳವಾದಾಗಲೂ ಕೆಲಸಕ್ಕೆ ಬರುತ್ತದೆ. ಹಾಡು ಯಾರದು ಹಾಕಬೇಕು ಅಂತ ಇಬ್ಬರು ಕಚ್ಚಾಡುತ್ತಿದ್ದರೆ ಡಬ್ಬಿ ಮುಂದೆ ಹಿಡಿದು "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡ್ರೋ" ಅನ್ನಿ.

ಪುಳಿಯೋಗರೆ ಗೊಜ್ಜು ಒಂದು ಬಾಟಲಿ ತಂದರೆ ಹೋಟೆಲ್ ಕೋಣೆಯ ಮೈಕ್ರೋವೇವ್‌ನಲ್ಲಿ ಅನ್ನ ಬಿಸಿ ಮಾಡಿ ಕಲಸಬಹುದು. ಸಸ್ಯಾಹಾರಿಗಳಿಗೆ ಮಿಲ್ವಾಕಿಯಲ್ಲಿ ಕರಿದ ಚೀಸ್ ಕರ್ಡ್ಸ್ ಎಲ್ಲೆಡೆ ಸಿಗುತ್ತದೆ. ಶನಿವಾರ ಶಿಕಾಗೋಗೆ ಬಂದಾಗ ಡೆವನ್ ಅವೆನ್ಯೂ ಕಡೆ ಹೋಗಿ, ಮೂರು ದಿನ ಬ್ರೆಡ್ ತಿಂದವರಿಗೆ ದೋಸೆ ಸಿಗುತ್ತದೆ.

ಹಂತ 8: ಮ್ಯಾಚ್ ದಿನ

ಟಿಕೆಟ್‌ಗಳನ್ನು ಒಬ್ಬನ ಫೋನಿನಲ್ಲೇ ಇಟ್ಟುಕೊಳ್ಳಬೇಡಿ. ಬೆಳಗ್ಗೆಯೇ ಎಲ್ಲರಿಗೂ ಅವರವರದ್ದನ್ನು ಕಳಿಸಿ. ಟಿಕೆಟ್‌ಮಾಸ್ಟರ್‌ನಂಥ ಕಡೆ ಬಾರ್‌ಕೋಡ್ ಆಗಾಗ ಬದಲಾಗುತ್ತದೆ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಬ್ಯಾಗ್ ತರಲೇಬೇಡಿ, ಒಂದೊಂದು ಅಂಕಣದ ನಿಯಮ ಒಂದೊಂದು ಥರ. ಚಳಿಯಲ್ಲಿ ಫೋನ್ ಬ್ಯಾಟರಿ ಬೇಗ ಕುಸಿಯುತ್ತದೆ, ಸಾಲಿನಲ್ಲಿ ನಿಂತಾಗ ಒಳಜೇಬಿನಲ್ಲಿರಲಿ.

ಒಂದು ಗಂಟೆ ಮೊದಲೇ ಒಳಗೆ ಹೋಗಿ. ಯುನೈಟೆಡ್ ಸೆಂಟರ್‌ನ ಗಾಜಿನ ಹಜಾರದಲ್ಲಿ ಮೈಕೆಲ್ ಜೋರ್ಡನ್ ಪ್ರತಿಮೆ ಇದೆ. ಬುಲ್ಸ್ 1991ರಿಂದ 1998ರೊಳಗೆ ಆರು ಸಲ ಎನ್‌ಬಿಎ ಕಪ್ ಗೆದ್ದಿತಲ್ಲ, ಆ ಬಾವುಟಗಳು ಒಳಗೆ ನೇತಾಡುತ್ತವೆ. ಮಿಲ್ವಾಕಿಯ ಫೈಸರ್ವ್ ಫೋರಂ 2018ರಲ್ಲಿ ತೆರೆದದ್ದು, ಇನ್ನೂ ಹೊಸತರ ಹಾಗಿದೆ. 2021ರಲ್ಲಿ ಬಕ್ಸ್ ಆಟಗಾರ ಯಾನ್ನಿಸ್ ಫೈನಲ್ಸ್‌ನ ಕೊನೆಯ ಮ್ಯಾಚಿನಲ್ಲಿ 50 ಅಂಕ ಹೊಡೆದು ತಂಡಕ್ಕೆ ಕಪ್ ಗೆಲ್ಲಿಸಿದ್ದು ಇಲ್ಲೇ.

ಗುಂಪಿನಲ್ಲಿ ಆಟ ಗೊತ್ತಿಲ್ಲದವನು ಒಬ್ಬ ಇದ್ದೇ ಇರುತ್ತಾನೆ. ಅವನಿಗೆ ಇಷ್ಟು ಹೇಳಿ: 12 ನಿಮಿಷದ ನಾಲ್ಕು ಕ್ವಾರ್ಟರ್, ಚೆಂಡು ಸಿಕ್ಕ ಮೇಲೆ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು, ದೂರದ ಗೆರೆಯ ಆಚೆಯಿಂದ ಹಾಕಿದರೆ ಮೂರು ಅಂಕ. ಗಡಿಯಾರ ನಿಲ್ಲುತ್ತಾ ನಿಲ್ಲುತ್ತಾ 48 ನಿಮಿಷದ ಆಟ ಎರಡೂಕಾಲು ಗಂಟೆ ದಾಟುತ್ತದೆ. ಕಾಲೇಜಿನಲ್ಲಿ 20 ನಿಮಿಷದ ಎರಡು ಅರ್ಧ, ಎಸೆಯಲು 30 ಸೆಕೆಂಡ್.

ಹಂತ 9: ಬ್ಲೂಸ್ ರಾತ್ರಿ

ಕ್ಲಬ್ಬಿಗೆ ಪಾಸ್‌ಪೋರ್ಟ್ ಒಯ್ಯಿರಿ. ಕುಡಿಯದಿದ್ದರೂ ಬಾಗಿಲಲ್ಲಿ ವಯಸ್ಸಿನ ದಾಖಲೆ ಕೇಳಬಹುದು, ನಮ್ಮ ಆರ್‌ಟಿಒ ಕೊಟ್ಟ ಲೈಸೆನ್ಸ್ ನೋಡಿ ಅವರು ತಲೆ ಕೆರೆದುಕೊಳ್ಳುತ್ತಾರೆ. ಸಣ್ಣ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಸೀಟಿಗೆ ನಂಬರ್ ಇರುವುದಿಲ್ಲ. ಮೊದಲು ಹೋದವನಿಗೆ ಮೇಜು, ಉಳಿದವರಿಗೆ ಗೋಡೆ. ಇಬ್ಬರನ್ನು ಮುಂಚೆ ಕಳಿಸಿ. ಸದ್ದು ಎದೆಗೆ ಬಡಿಯುತ್ತದೆ, ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಬಿರಡೆ ಇಟ್ಟುಕೊಂಡರೆ ಕಿವಿಗೆ ಹಿತ. ಮರುದಿನ ಬೆಳಗ್ಗೆ ಓಡಿಸುವವನು ಯಾರು ಅಂತ ಸಂಜೆಯೇ ತೀರ್ಮಾನ ಮಾಡಿ. ಅವನಿಗೆ ಆ ರಾತ್ರಿ ಸೋಡಾ ಮಾತ್ರ.

ಹಂತ 10: ಭಾನುವಾರ, ಹಿಂಕಲ್

ಬೆಳಗ್ಗೆ ಏಳಕ್ಕೆ ಹೊರಡಿ. ಐ-65ರಲ್ಲಿ ರೆಮಿಂಗ್ಟನ್ ಊರು ದಾಟುತ್ತಿದ್ದ ಹಾಗೆ ಎರಡೂ ಕಡೆ ನೂರಾರು ಗಾಳಿಯಂತ್ರ ಕಾಣುತ್ತವೆ. ಚಿತ್ರದುರ್ಗದ ಗುಡ್ಡಗಳ ಮೇಲಿರುವಂಥವೇ, ಆದರೆ ಇಲ್ಲಿ ಚಪ್ಪಟೆ ನೆಲದಲ್ಲಿ ಸಾಲಾಗಿ ನಿಂತಿವೆ. ಟೈಮ್ ಬದಲಾಗುವ ಗಡಿಯೂ ಅಲ್ಲೇ, ಜಾಸ್ಪರ್ ಮತ್ತು ವೈಟ್ ಕೌಂಟಿಗಳ ನಡುವೆ. ಗಾಳಿಯಂತ್ರ ಕಂಡವು ಅಂದರೆ ಗಡಿಯಾರ ಒಂದು ಗಂಟೆ ಮುಂದಿಡಿ. ಈಗ ನಮ್ಮ ಪ್ಲಾನ್ ಹಾಳೆಯಲ್ಲಿ ಪ್ರತಿ ಸಮಯದ ಪಕ್ಕ ಊರಿನ ಹೆಸರೂ ಬರೆದಿರುತ್ತದೆ.

ಈ ಟ್ರಿಪ್‌ನಲ್ಲಿ ಒಂದೇ ಮ್ಯಾಚ್ ನೋಡಬೇಕು ಅಂದರೆ ನಾನು ಎನ್‌ಬಿಎ ಬಿಟ್ಟು ಇದನ್ನು ಆರಿಸುತ್ತೇನೆ. ಬಟ್ಲರ್ ವಿಶ್ವವಿದ್ಯಾಲಯದ ಹಿಂಕಲ್ ಫೀಲ್ಡ್‌ಹೌಸ್ 1928ರಲ್ಲಿ ತೆರೆದ ಇಟ್ಟಿಗೆ ಕಟ್ಟಡ. ಇಂಡಿಯಾನಾ ಹೈಸ್ಕೂಲು ಪಂದ್ಯಾವಳಿಯ ಫೈನಲ್‌ಗಳು ಬಹಳ ವರ್ಷ ಇಲ್ಲೇ ನಡೆಯುತ್ತಿದ್ದವು. 1954ರಲ್ಲಿ ಬರೀ 161 ಮಕ್ಕಳಿದ್ದ ಮೈಲನ್ ಎಂಬ ಹಳ್ಳಿ ಶಾಲೆ, ತನಗಿಂತ ಎಷ್ಟೋ ದೊಡ್ಡದಾದ ಮನ್ಸಿ ಸೆಂಟ್ರಲ್ ಶಾಲೆಯನ್ನು 32-30ರಿಂದ ಸೋಲಿಸಿತು. ಕೊನೆಯ ಕ್ಷಣದ ಎಸೆತ ಬಾಬಿ ಪ್ಲಂಪ್ ಎಂಬ ಹುಡುಗನದ್ದು. ಅದರ ಮೇಲೆ ಸಿನಿಮಾನೂ ಬಂತು.

ಮಧ್ಯಾಹ್ನದ ಮ್ಯಾಚ್ ಸಿಕ್ಕರೆ ಬಿಡಬೇಡಿ. ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಒಳಗೆ ಬೀಳುತ್ತದೆ, ಮೇಲೆ ಕಬ್ಬಿಣದ ತೊಲೆಗಳು ಬರಿಗಣ್ಣಿಗೆ ಕಾಣುತ್ತವೆ. ಹಿಡಿಸುವುದು ಒಂಬತ್ತು ಸಾವಿರ ಚಿಲ್ಲರೆ ಜನ, ಹಾಗಾಗಿ ಬೂಟಿನ ಕಿರ್ ಕಿರ್ ಸದ್ದು ನಿಮ್ಮ ಸೀಟಿನ ತನಕ ಕೇಳುತ್ತದೆ. ಬಟ್ಲರ್ ಬ್ಲೂ ಅಂತ ಕರೆಯುವ ನಿಜವಾದ ಬುಲ್‌ಡಾಗ್ ಅವರ ತಂಡದ ಗುರುತು. ಆಟದ ಮುಂಚೆ ಅದು ಓಡಿ ಬಂದಾಗ ನಮ್ಮಲ್ಲಿ ಆಟ ಗೊತ್ತಿಲ್ಲದವನೂ ಎದ್ದು ನಿಂತು ಕೂಗಿದ. ಇಲ್ಲಿ ಮಾತ್ರ ಕೆಳಗಿನ ಸೀಟಿಗೆ ದುಡ್ಡು ಹಾಕಿ.

ಸೋಮವಾರದ ಪೇಸರ್ಸ್ ಮ್ಯಾಚ್ ಗೇನ್‌ಬ್ರಿಡ್ಜ್ ಫೀಲ್ಡ್‌ಹೌಸ್‌ನಲ್ಲಿ. 1999ರಲ್ಲಿ ಕಟ್ಟಿದ್ದಾದರೂ ಹಳೇ ಫೀಲ್ಡ್‌ಹೌಸ್‌ಗಳ ಹೋಲಿಕೆ ಬರಲಿ ಅಂತ ಇಟ್ಟಿಗೆ, ಉಕ್ಕು, ದೊಡ್ಡ ಕಿಟಕಿ ಇಟ್ಟಿದ್ದಾರೆ. ಹಿಂದಿನ ದಿನ ಹಿಂಕಲ್ ನೋಡಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಈ ಕ್ರಮ ತಲೆಕೆಳಗು ಮಾಡಬೇಡಿ.

ಹಂತ 11: ವಾಪಸ್

ಹೋಗುವಾಗ ಕಳೆದ ಗಂಟೆ ಬರುವಾಗ ಸಿಗುತ್ತದೆ. ಅದನ್ನು ವಿಮಾನ ಹಿಡಿಯುವ ಲೆಕ್ಕದಲ್ಲಿ ಸೇರಿಸಬೇಡಿ, ಕೈಯಲ್ಲಿ ಇಟ್ಟುಕೊಳ್ಳಿ. ಲೆಕ್ಕವನ್ನು ವ್ಯಾನ್‌ನಲ್ಲೇ ಚುಕ್ತಾ ಮಾಡಿ. ಮನೆ ಸೇರಿದ ಮೇಲೆ ಯಾರೂ ಮೆಸೇಜಿಗೆ ಉತ್ತರ ಕೊಡುವುದಿಲ್ಲ. ವ್ಯಾನ್ ಕೊಡುವ ಮುಂಚೆ ಟ್ಯಾಂಕ್ ತುಂಬಿಸಿ, ರಸೀದಿ ಇಟ್ಟುಕೊಳ್ಳಿ, ನಾಲ್ಕೂ ಕಡೆ ಫೋಟೋ ತೆಗೆಯಿರಿ. ಆಮೇಲೆ ಪೆಟ್ರೋಲ್ ಬಂಕಿನ ವ್ಯಾಕ್ಯೂಮ್‌ಗೆ ನಾಣ್ಯ ಹಾಕಿ ಹಿಂದಿನ ಸೀಟಿನ ಸಂದಿ ಗುಡಿಸಿ. ಐದು ದಿನದ ಎಳ್ಳು ಅಲ್ಲೇ ಇರುತ್ತದೆ.